ವೀರೇಶನ ಶನಿವಾರದ ಸಪ್ಪಳ

ಹುಬ್ಬಳ್ಳಿಯ ವೀರೇಶ ತಾನೇ ಬಾಡಿಗೆ ಕಟ್ಟುವ ಕೋಣೆಯಲ್ಲಿ ಕಳ್ಳನ ಹಾಗೆ ಪಿಸುಗುಟ್ಟುತ್ತಿದ್ದ. ಬೆಂಗಳೂರಿನ ಹಾಸ್ಟೆಲಿನಲ್ಲಿ ಇವನು ಅವ್ವನಿಗೆ ಫೋನ್ ಮಾಡುವಾಗ, "ಫೋನ್ ಯಾಕೋ, ಕಿಟಕಿ ತೆಗೆದು ಕೂಗು ಸಾಕು" ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಅಂಥವನು ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಾಗಿಲು ತೆರೆದು, ತುಟಿಗೆ ಬೆರಳಿಟ್ಟು, "ಸಾವಕಾಶ ಬಾರಲೇ, ಕೆಳಗ ಅಜ್ಜಿ ಅದಾಳ" ಎಂದಾಗ ನನಗೆ ನಗು ತಡೆಯಲಾಗಲಿಲ್ಲ.

ನಗುವ ವಿಷಯವೇನೂ ಆಗಿರಲಿಲ್ಲ. ಇವನ ಫೋನಿನ ಅಬ್ಬರ ತಾಳಲಾರದೆ ಕೆಳಮನೆಯ ಒಂಟಿ ಅಜ್ಜಿ ಮಾಲೀಕನಿಗೆ ದೂರು ಕೊಟ್ಟಿದ್ದರು. ಇನ್ನೊಂದು ದೂರು ಬಂದರೆ ಕೋಣೆ ಖಾಲಿ ಮಾಡಬೇಕೆಂದು ಮಾಲೀಕ ಹೇಳಿದ್ದ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಹ್ಯಾಂಬರ್ಗಿನಲ್ಲಿ ಬಾಡಿಗೆ ಕೋಣೆ ಹುಡುಕಿರಲಿಲ್ಲ. ವೀರೇಶ ತಿಂಗಳುಗಟ್ಟಲೆ ಯಾರ್ಯಾರದೋ ಸೋಫಾದ ಮೇಲೆ ಮಲಗಿದ್ದ.

ಇನ್ನು ನನ್ನ ವಿಷಯ. ಮೈಸೂರಿನವ, ಜರ್ಮನಿಯದೇ ಸಣ್ಣ ಊರು ಇಂಗೋಲ್‌ಸ್ಟಾಟಿನಲ್ಲಿ ಕಾರುಗಳ ಬಗ್ಗೆ ಓದುತ್ತಿದ್ದೆ. ಅಂಗಡಿ ಮುಚ್ಚಿದ ಮೇಲೆ ಆ ಊರಿನಲ್ಲಿ ನಾನು ಮತ್ತು ನನ್ನ ನೆರಳು, ಇಬ್ಬರೇ. ಹಾಗಾಗಿ ದೊಡ್ಡ ಊರಿನ ಮಜಾ ನೋಡಲೆಂದು ವಾರಾಂತ್ಯಕ್ಕೆ ವೀರೇಶನಲ್ಲಿಗೆ ಹೊರಟೆ. ಹೊಸ ಬಿಳಿ ಶೂ, ಕಪ್ಪು ಕನ್ನಡಕ. ಹ್ಯಾಂಬರ್ಗಿನಲ್ಲಿ ಸದಾ ಮಳೆ ಎಂದು ಯಾರೂ ಹೇಳಿರಲಿಲ್ಲವೆಂದಲ್ಲ, ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ವಾರಕ್ಕಾಗುವಷ್ಟು ಜೋಳದ ರೊಟ್ಟಿ ಬಡಿದಿಡುವುದು ವೀರೇಶನ ವ್ರತ. "ಶನಿವಾರ ಬಡದ್ರ ಯಾರೂ ಏನೂ ಅನ್ನಂಗಿಲ್ಲ. ಐತವಾರ ಬಡದ್ರ ಮುಗೀತು. ಐತವಾರ ಈ ದೇಶದಾಗ ಮೊಳಿ ಸೈತ ಹೊಡಿಯಂಗಿಲ್ಲ" ಎನ್ನುತ್ತ ಹಿಟ್ಟಿನ ಡಬ್ಬಿ ತೆಗೆದ. ನಾನು ಬಿಡಬೇಕಲ್ಲ!

"ರೊಟ್ಟಿ ಎಲ್ಲಿಗೂ ಓಡಿಹೋಗಲ್ಲ, ಬಾ ಗುರು, ಹಡಗು ತೋರಿಸು."

ಮನೆಗೆ ಬಂದವರ ಮಾತನ್ನು ತೆಗೆದುಹಾಕಿ ಅವನಿಗೆ ಗೊತ್ತಿಲ್ಲ. ಡಬ್ಬಿ ಮುಚ್ಚಿಟ್ಟು ಹೊರಟ.

ಬಂದರಿನಲ್ಲಿ ನಾನು ಪ್ರವಾಸಿಗಳ ದೋಣಿಯ ಸಾಲಿನಲ್ಲಿ ನಿಂತರೆ ರಟ್ಟೆ ಹಿಡಿದು ಎಳೆದ. "ಅದಕ್ಯಾಕ ರೊಕ್ಕ ಸುರೀತಿ? ಬಸ್ ಪಾಸಿನಾಗ ಹಡಗೂ ಬರ್ತೈತಿ, ಹತ್ತಲೇ ಸಾಹೇಬ." ಫೆರಿ ಹೊರಟದ್ದೇ ತಡ, ವಾರವಿಡೀ ನುಂಗಿಕೊಂಡಿದ್ದ ದನಿಯನ್ನೆಲ್ಲ ಹೊರಗೆ ಬಿಟ್ಟ. ಕ್ರೇನು, ಕಂಟೇನರು, ತೇಲುವ ಹಡಗುಕಟ್ಟೆ, ಎಲ್ಲವನ್ನೂ ತಾನೇ ಕಟ್ಟಿಸಿದವನಂತೆ ತೋರಿಸಿದ. ನಾನು ಫೋಟೋಗೆ ನಿಂತ ಗಳಿಗೆಯಲ್ಲೇ ಗಾಳಿ ಕೊಡೆಯನ್ನು ಉಲ್ಟಾ ಮಾಡಿತು, ಕನ್ನಡಕ ಎಲ್ಬೆ ನದಿಯ ಪಾಲಾಯಿತು. ಅಂದು ಅವನು ನಕ್ಕಂತೆ ಯಾರೂ ನನ್ನನ್ನು ನೋಡಿ ನಕ್ಕಿಲ್ಲ. ಬೇಜಾರಾಗಲಿಲ್ಲ, ನಿಜ ಹೇಳಬೇಕೆಂದರೆ ಎಷ್ಟೋ ತಿಂಗಳ ನಂತರ ನಾನೂ ಮನಸಾರೆ ನಕ್ಕೆ.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ತಿನ್ನಲು ಏನೂ ಇರಲಿಲ್ಲ. ಅಂಗಡಿಗಳೆಲ್ಲ ಬಂದ್. ತೆರೆದಿರುವುದು ರೈಲು ನಿಲ್ದಾಣದ್ದೊಂದೇ ಎಂದು ವೀರೇಶ ಹಾಲು, ಬ್ರೆಡ್ ತರಲು ಹೋದ. ಪಾಪ, ನನ್ನಿಂದ ಅವನ ರೊಟ್ಟಿ ತಪ್ಪಿತಲ್ಲ, ಬರುವುದರೊಳಗೆ ನಾನೇ ಮಾಡಿಟ್ಟು ಬೆರಗುಗೊಳಿಸೋಣವೆಂದುಕೊಂಡೆ. ಮುದ್ದೆಯ ಸೀಮೆಯವನಿಗೆ ರೊಟ್ಟಿಯ ಬಗ್ಗೆ ಗೊತ್ತಿದ್ದದ್ದು ತಿನ್ನುವುದು ಮಾತ್ರ. ನಲ್ಲಿಯ ತಣ್ಣೀರಿನಲ್ಲಿ ಹಿಟ್ಟು ಕಲಸಿದೆ. ಬಡಿದೆ. ಒಡೆಯಿತು. ಏಟು ಸಾಲದೇನೋ ಎಂದು ಇನ್ನೂ ಜೋರಾಗಿ ಬಡಿದೆ. ಇವತ್ತು ವಾರ ಯಾವುದೆಂಬುದು ಬಾಗಿಲ ಗಂಟೆ ಹೊಡೆದಾಗಲೇ ನೆನಪಾದದ್ದು.

ಬಾಗಿಲಲ್ಲಿ ಅಜ್ಜಿ. ನನಗೆ ಬರುತ್ತಿದ್ದ ಜರ್ಮನ್ ಭಾಷೆ ಒಂದು ಕಾಫಿ ತರಿಸಲು ಸಾಕಾಗುವಷ್ಟು. ಹಿಟ್ಟಿನ ಕೈಗಳನ್ನು ಜೋಡಿಸಿ ನಮಸ್ಕಾರ ಮಾಡಿದೆ. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದ ವೀರೇಶ ನನ್ನ ಕೈ ನೋಡಿದ, ಅಜ್ಜಿಯನ್ನು ನೋಡಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಯ್ಯೋ, ಒಂದು ವಾರಾಂತ್ಯಕ್ಕೆ ಬಂದು ಇವನ ಮನೆ ತೆಗೆದೆನಲ್ಲ ಎಂದುಕೊಂಡೆ.

ಅಜ್ಜಿ ಮೆಲ್ಲಗೆ ಏನೋ ಕೇಳಿದರು. ವೀರೇಶ ನನ್ನತ್ತ ತಿರುಗಿದ.

"ಆಕಿ ಬೈಯಾಕ ಬಂದಿಲ್ಲಲೇ. ಸಂತಿಗೆ ಹೊಂಟಾಳ, ನಿಮಗೇನರ ತರ್ಲೇನು ಅಂತ ಕೇಳಾಕತ್ತಾಳ."

ಆಗ ನೋಡಿದೆ. ಅಜ್ಜಿ ಕೋಟು, ಟೋಪಿ ಹಾಕಿದ್ದರು. ಕೈಯಲ್ಲಿ ಖಾಲಿ ಚೀಲ. ವಯಸ್ಸಿನ ಮರೆವು, ವಾರಗಳ ಲೆಕ್ಕ ತಪ್ಪುತ್ತಿತ್ತಂತೆ. ಮೇಲೆ ರೊಟ್ಟಿಯ ಸಪ್ಪಳವಾದರೆ ಶನಿವಾರ, ಸಾಮಾನು ತರಬೇಕು ಎಂದು ಗುರುತಿಟ್ಟುಕೊಂಡಿದ್ದರು. ನಿನ್ನೆ ಸಪ್ಪಳವಾಗಲಿಲ್ಲ, ಅವರು ಹೊರಡಲಿಲ್ಲ. ವೀರೇಶನಿಗೂ ಇದು ಅಂದೇ ಗೊತ್ತಾದದ್ದು.

ಅವನು ನಿಧಾನವಾಗಿ ಜರ್ಮನಿನಲ್ಲಿ ಇವತ್ತು ಭಾನುವಾರವೆಂದು ತಿಳಿಸಿದ. ಅಜ್ಜಿ ಚೀಲವನ್ನು ನೋಡುತ್ತ ನಿಂತರು. ವೀರೇಶ ತಾನು ತಂದ ಹಾಲು, ಬ್ರೆಡ್ಡನ್ನು ಆ ಚೀಲಕ್ಕೆ ಹಾಕಿ, ಕೈಹಿಡಿದು ಕೆಳಗೆ ಬಿಟ್ಟುಬಂದ. ನಾವಿಬ್ಬರೂ ನನ್ನ ಒಡೆದ ರೊಟ್ಟಿ ತಿಂದೆವು. ಅದು ನನಗೆ ಆಗಬೇಕಾದ ಶಿಕ್ಷೆಯೇ. "ನೀ ಯಾವಾಗರ ಬಾ. ಶನಿವಾರ ಹತ್ತಕ್ಕ ಮಾತ್ರ ನನ್ನ ಎಲ್ಲಿಗೂ ಕರೀಬ್ಯಾಡ" ಎಂದ, ಅಷ್ಟೇ. ಮಾಲೀಕನಿಗೆ ದೂರು ಹೋಗಲಿಲ್ಲ.

ಓದು ಮುಗಿದು ವೀರೇಶನಿಗೆ ಫ್ರಾಂಕ್‌ಫರ್ಟಿನಲ್ಲಿ ಕೆಲಸ ಸಿಕ್ಕಿತು. ನನಗೆ ಹ್ಯಾಂಬರ್ಗಿನಲ್ಲಿ. ಕೋಣೆ ನನಗೇ ಬಂತು. ಹೋಗುವ ಮುನ್ನ ಕುದಿನೀರು ಹಾಕಿ ಹಿಟ್ಟು ನಾದುವುದನ್ನು ಹೇಳಿಕೊಟ್ಟ, ಹಂಚನ್ನು ನನ್ನ ಕೈಗಿಟ್ಟ. ಅವನಿಲ್ಲದ ಕೋಣೆ ಮೊದಮೊದಲು ತೀರಾ ಬಿಕೋ ಎನ್ನುತ್ತಿತ್ತು. ಈಗ ಪ್ರತಿ ಶನಿವಾರ ಹತ್ತಕ್ಕೆ ಬಡಿಯುತ್ತೇನೆ, ಆಮೇಲೆ ಅವನ ಫೋನ್ ಬರುತ್ತದೆ. ಮೊನ್ನೆಯೂ ಬಂತು.

"ಇವತ್ತೂ ಒಂದೂ ದುಂಡಗೆ ಬರಲಿಲ್ಲ ಮಗಾ, ಎಲ್ಲಾ ಒಡೆದುಹೋಯ್ತು" ಎಂದು ಗೋಳು ತೋಡಿಕೊಂಡೆ.

"ರೊಟ್ಟಿ ಸುಡ್ಲಿ ಬಿಡಲೇ" ಎಂದ. "ಅಜ್ಜಿ ಸಂತಿಗೆ ಹೋದ್ಳೋ ಇಲ್ಲೋ, ಅದನ್ನ ಹೇಳು."