ಪುದೀನಾ ಪಾತಿಯ ಉಪ್ಪು

ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೆ ಬೀದಿಯವರು ಇಟ್ಟಿದ್ದ ಹೆಸರು ಬ್ರೇಕ್ ಮೇಷ್ಟ್ರು. ಮೂವತ್ತೊಂದು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಬುಡದಲ್ಲಿದ್ದ ಎರಡನೆಯ ಬ್ರೇಕಿನ ಮೇಲೆ ಪಾದ ಊರಿಕೊಂಡೇ ಅವರು ಅರ್ಧ ಊರಿಗೆ ಗಾಡಿ ಕಲಿಸಿದ್ದರು. ಎದುರಿಗೆ ಲಾರಿ ನುಗ್ಗಿ ಬಂದರೂ ಅವರ ದನಿ ಏರುತ್ತಿರಲಿಲ್ಲ. "ಗಾಬರಿ ಬೇಡ, ನಾನಿದೀನಿ" ಎನ್ನುತ್ತಿದ್ದರು, ಅಷ್ಟೇ. ಸುಳ್ಳು ಹೇಳುವ ಮನುಷ್ಯ ಅಂತ ಅವರನ್ನು ಯಾರೂ ಅಂದವರಿಲ್ಲ. ಅವರೂ ತಮ್ಮನ್ನು ಹಾಗೆ ಅಂದುಕೊಂಡಿರಲಿಲ್ಲ.

ಐವತ್ತೆಂಟನೆಯ ವರ್ಷದಲ್ಲಿ ಬೆಳಗಿನ ಹೊತ್ತು ತಲೆ ಹಿಂಭಾಗ ಸಿಡಿಯಲು ಶುರುವಾಯಿತು. ಹೆಂಡತಿ ಬಿಡದೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಒಮ್ಮೆ ನೋಡಿ, ನಂಬಿಕೆಯಾಗದೆ ಇನ್ನೊಮ್ಮೆ ನೋಡಿದರು. ಪ್ರೆಶರ್ ನೂರ ಎಪ್ಪತ್ತೆರಡು.

"ಮಾತ್ರೆ ಬರ್ಕೊಡ್ತೀನಿ. ಆದ್ರೆ ಅರ್ಧ ಚಿಕಿತ್ಸೆ ನಿಮ್ಮ ಅಡುಗೆಮನೆಯಲ್ಲೇ ಆಗ್ಬೇಕು. ಉಪ್ಪು ಚೆನ್ನಾಗಿ ಇಳಿಸಿ," ಎಂದರು.

"ಎಷ್ಟು ಇಳಿಸ್ಬೇಕು ಡಾಕ್ಟ್ರೇ?" ಹೆಂಡತಿ ಚೀಲದಿಂದ ನೋಟ್‌ಬುಕ್ ತೆಗೆದಿದ್ದರು.

"ದಿನಕ್ಕೆ ಸಣ್ಣ ಚಮಚ ಒಂದರೊಳಗೆ ಇರ್ಲಿ."

ಆ ಹೆಂಗಸು ಇಪ್ಪತ್ತೈದು ವರ್ಷ ಪುಟ್ಟ ಮಕ್ಕಳ ತರಗತಿಗೆ ಪಾಠ ಮಾಡಿದವರು. ಅರೆಬರೆ ಕೆಲಸ ಅವರಿಗೆ ಒಗ್ಗುತ್ತಿರಲಿಲ್ಲ. ಒಂದು ಚಮಚ ಎಂದರೆ ಕೈ ತಪ್ಪಿ ಎರಡಾಗುತ್ತದೆ. ಪೂರ್ತಿ ನಿಲ್ಲಿಸಿದರೆ ಲೆಕ್ಕವೇ ಬೇಡ ಎಂದುಕೊಂಡರು. ಮನೆಯಲ್ಲಿದ್ದ ಉಪ್ಪಿನ ಭರಣಿ ಪಕ್ಕದ ಮನೆಯ ಟೈಲರಮ್ಮನ ಪಾಲಾಯಿತು. ನಿನಗೆ ಬೇರೆ ಉಪ್ಪು ಹಾಕಿ ಮಾಡಿಕೋ ಎಂದು ಮೇಷ್ಟ್ರೇ ಹೇಳಿದರೂ ಕೇಳದೆ, "ನಿಮ್ಮ ಎದುರಿಗೆ ಕೂತು ನಾನು ಉಪ್ಪು ಹಾಕ್ಕೊಂಡು ತಿಂದ್ರೆ ಅನ್ನ ಗಂಟಲಲ್ಲಿ ಇಳಿಯುತ್ತೇನ್ರೀ? ನಿಮ್ಮದೇ ನನಗೂ," ಎಂದುಬಿಟ್ಟರು.

ಮುಂದಿನ ಭಾನುವಾರ ಅಡುಗೆಮನೆಯ ಸ್ವರೂಪವೇ ಬದಲಾಯಿತು. ಒಲೆಯ ಬಲಕ್ಕೆ ಕೈಗೆಟುಕುವ ಹಲಗೆಯಲ್ಲಿ ಭರಣಿ ಇದ್ದ ಜಾಗಕ್ಕೆ ನಿಂಬೆಹಣ್ಣಿನ ಬುಟ್ಟಿ, ಮೆಣಸಿನ ಪುಡಿ, ಜೀರಿಗೆ ಬಂದವು. ಎಣ್ಣೆ ಮೇಲಿನ ಹಲಗೆಗೆ ಏರಿತು, ಸ್ಟೂಲು ಹತ್ತಿದರೆ ಮಾತ್ರ ಸಿಗುವ ಹಾಗೆ. ಟಿವಿ ಮುಂದೆ ಕೂತರೆ ತಿಂದದ್ದು ಗೊತ್ತಾಗುವುದಿಲ್ಲವೆಂದು ಊಟದ ಮೇಜನ್ನು ಹೊರಕೋಣೆಯಿಂದ ಅಡುಗೆಮನೆಯ ಹಿಂದಿನ ಕಿಟಕಿಯ ಹತ್ತಿರ ತರಬೇಕಾಯಿತು. ಮೇಷ್ಟ್ರು ಒಂದು ತುದಿ ಹಿಡಿದು, "ಸ್ವಲ್ಪ ರಿವರ್ಸ್ ತಗೋ, ಈಗ ಪೂರ್ತಿ ಕಟ್ ಮಾಡು" ಎಂದು ಹೆಂಡತಿಗೆ ದಾರಿ ಹೇಳುತ್ತ ಬಾಗಿಲಲ್ಲಿ ಮೇಜಿನ ಕಾಲು ಸಿಕ್ಕಿಸಿದರು. ಇಬ್ಬರೂ ಬಹಳ ಹೊತ್ತು ನಕ್ಕರು.

ಕಿಟಕಿಯಾಚೆ ಹಿತ್ತಲು. ಅಲ್ಲಿ ಹೆಂಡತಿ ಬೆಳೆಸಿದ ಟೊಮೇಟೊ, ಬೀನ್ಸ್ ಬಳ್ಳಿ, ನಾಲ್ಕು ಬಗೆಯ ಸೊಪ್ಪು, ಬಾಗಿಲ ಪಕ್ಕದಲ್ಲೇ ಪುದೀನಾ ಪಾತಿ ಇದ್ದವು. ಅಡುಗೆಮನೆಯ ಸಿಪ್ಪೆ, ಕಸವನ್ನೆಲ್ಲ ಡ್ರಮ್ಮಿನಲ್ಲಿ ಕೊಳೆಸಿ ತಾವೇ ಗೊಬ್ಬರ ಮಾಡುತ್ತಿದ್ದರು. ಆ ಗೊಬ್ಬರದ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮೊದಲ ವಾರ ಮೇಷ್ಟ್ರು ನಿಯತ್ತಾಗಿಯೇ ತಿಂದರು. ಎರಡನೆಯ ವಾರ ಬೇಳೆ ಮಣ್ಣಿನ ಹಾಗೆ, ಸೊಪ್ಪು ಒದ್ದೆ ಕಾಗದದ ಹಾಗೆ ಅನ್ನಿಸತೊಡಗಿತು. ಹೆಂಡತಿ ಎದುರಿಗೆ ಕೂತು ಪ್ರತಿ ತುತ್ತಿಗೂ ಮುಖ ನೋಡುತ್ತಿದ್ದರು. ಚೆನ್ನಾಗಿಲ್ಲ ಅನ್ನಲು ನಾಲಿಗೆ ಬರಲಿಲ್ಲ. ಒಂದು ಸಂಜೆ ಮನೆಗೆ ಬರುವಾಗ ಅಂಗಡಿಯ ಮುಂದೆ ಗಾಡಿ ನಿಂತಿತು. ಒಂದು ಪೊಟ್ಟಣ ಪುಡಿ ಉಪ್ಪು ಕೊಂಡರು. ಒಳಗೆ ಇಡಲು ಜಾಗವಿರಲಿಲ್ಲ, ಅಡುಗೆಮನೆಯ ಮೂಲೆಮೂಲೆಯೂ ಹೆಂಡತಿಯ ಕಣ್ಣಳತೆಯಲ್ಲಿತ್ತು. ಹಿತ್ತಲಲ್ಲಿ ಪುದೀನಾ ಪಾತಿಯ ಅಂಚಿಗೆ ಬೋರಲು ಹಾಕಿದ್ದ ಹಳೆಯ ಮಣ್ಣಿನ ಕುಂಡವೊಂದಿತ್ತು. ಪೊಟ್ಟಣ ಅದರಡಿಗೆ ಹೋಯಿತು.

ಅಂದಿನಿಂದ ಊಟಕ್ಕೆ ತಟ್ಟೆ ಹಾಕಿದ ಕೂಡಲೇ ಅವರು ಎದ್ದು, "ನಾಲ್ಕು ಎಲೆ ಪುದೀನಾ ಕಿತ್ತು ತರ್ತೀನಿ," ಎನ್ನುವರು. ಬರುವಾಗ ಒಂದು ಕೈಯಲ್ಲಿ ಪುದೀನಾ, ಇನ್ನೊಂದು ಮುಷ್ಟಿಯಲ್ಲಿ ಚಿಟಿಕೆ ಉಪ್ಪು. ಎಲೆ ಹರಿದು ಹಾಕುವ ನೆಪದಲ್ಲಿ ಅದೂ ತಟ್ಟೆಗೆ ಬೀಳುತ್ತಿತ್ತು. ಚಿಟಿಕೆ ಬರಬರುತ್ತ ದೊಡ್ಡದಾಯಿತು. ಆಮೇಲೆ ಮೇಷ್ಟ್ರು ಚಪ್ಪರಿಸಿ ಉಣ್ಣುವರು.

"ಹೇಗಿದೆ?" ಎಂದು ಹೆಂಡತಿ ಕೇಳುವರು.

"ಅಮೃತ ಕಣೇ. ಮೊದಲಿಗಿಂತ ಇದೇ ರುಚಿ."

ಒಂದು ಸಲ ಹೇಳಿದ ಮೇಲೆ ಎರಡನೆಯ ಸಲ ಹೇಳದೆ ವಿಧಿಯಿಲ್ಲ. ಹೆಂಡತಿಯ ಮುಖ ಅರಳುವುದನ್ನು ನೋಡಿ ಮೂರನೆಯ ಸಲ ತಾವಾಗಿಯೇ ಹೇಳಿದರು. ಆಕೆ ಬೇಲಿಯ ಮೇಲಿಂದ ಟೈಲರಮ್ಮನಿಗೆ ಹೇಳಿದರು, ಫೋನಿನಲ್ಲಿ ಮಗಳಿಗೆ ಹೇಳಿದರು: "ನಿಮ್ಮಪ್ಪನ ನಾಲಿಗೆ ಹೇಗೆ ಕಲೀತು ನೋಡು. ಈ ವಯಸ್ಸಲ್ಲಿ." ಒಳಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ಮೇಷ್ಟ್ರು ಅದನ್ನು ಕೇಳಿ, ಒಂದೇ ಅಂಗಿಯನ್ನು ಮೂರು ಸಲ ಮಡಚಿದರು.

ಹೀಗೆ ಎರಡು ತಿಂಗಳಾಯಿತು. ನಡುವೆ ಒಂದು ದಿನ ಕಾಲವಲ್ಲದ ಕಾಲದಲ್ಲಿ ಜೋರು ಮಳೆ ಹೊಡೆಯಿತು. ಮರುದಿನ ಕುಂಡ ಎತ್ತಿ ನೋಡಿದರೆ ಬರೀ ಪ್ಲಾಸ್ಟಿಕ್ ಪೊಟ್ಟಣ ಚಪ್ಪಟೆಯಾಗಿ ಬಿದ್ದಿತ್ತು. ಉಪ್ಪೆಲ್ಲ ಕರಗಿ ಪಾತಿಗೆ ಇಳಿದಿತ್ತು. ಮೇಷ್ಟ್ರು ಪೊಟ್ಟಣವನ್ನು ಜೇಬಿಗೆ ಸೇರಿಸಿದರು. ಹೊಸದೊಂದನ್ನು ಕೊಂಡು, ಈ ಸಲ ಬುದ್ಧಿ ಉಪಯೋಗಿಸಿ, ಚಿಕ್ಕ ಡಬ್ಬಿಯಲ್ಲಿ ಹಾಕಿ ಬೀನ್ಸ್ ಬಳ್ಳಿಯ ಕಂಬದ ಹಿಂದೆ ಇಟ್ಟರು.

ವಾರದೊಳಗೆ ಪುದೀನಾ ಎಲೆಗಳ ಅಂಚು ಸುಟ್ಟ ಹಾಗೆ ಕಂದಿದವು. ಹತ್ತು ದಿನಕ್ಕೆ ಪಾತಿ ಅರ್ಧ ಹಳದಿ. ಹೆಂಡತಿ ದಿನಾ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಲೆ ತಿರುವಿ ತಿರುವಿ ನೋಡುವರು.

"ನನ್ನ ಗೊಬ್ಬರದಲ್ಲೇ ಏನೋ ಎಡವಟ್ಟಾಗಿದೆ ಕಣ್ರೀ. ಸರಿಯಾಗಿ ಕೊಳೆಯೋ ಮುಂಚೆನೇ ಹಾಕಿಬಿಟ್ಟೆ ಅನ್ಸುತ್ತೆ."

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಬಾಯಿಯ ತನಕ ಬಂದಿತ್ತು ಕೂಡ. ಮೇಷ್ಟ್ರು ಶೂ ಲೇಸು ಕಟ್ಟಿಕೊಳ್ಳುತ್ತ ತಲೆಯೆತ್ತದೆ, "ಇರಬಹುದು," ಎಂದರು.

ಆ ಒಂದು ಮಾತು ಮುಂದೆ ಅವರ ಎದೆಯಲ್ಲಿ ಮುಳ್ಳಾಗಿ ಕೂತಿತು. ಏಕೆಂದರೆ ಅದನ್ನು ನಂಬಿದ ಹೆಂಡತಿ ಪಾತಿಯ ಮಣ್ಣನ್ನೇ ತೆಗೆದುಹಾಕಿ ಹೊಸ ಮಣ್ಣು ತುಂಬಲು ನಿರ್ಧರಿಸಿದರು. ಬಿಸಿಲು ಆ ವಾರವೇ ತಲೆಯೊಡೆಯುವ ಹಾಗೆ ಏರಿತ್ತು. ಮೂರು ದಿನ, ಬೆಳಗ್ಗೆ ಕೆಲಸ ಮುಗಿಸಿ ಹನ್ನೊಂದರವರೆಗೆ ಅಗೆದರು. ಬೆವರು ಧಾರೆಯಾಗಿ ಇಳಿಯುತ್ತಿತ್ತು. ಚೊಂಬುಗಟ್ಟಲೆ ನೀರು ಕುಡಿದರು. ಮೂರನೆಯ ದಿನ ಊಟ ಸೇರಲಿಲ್ಲ, ಎರಡು ಸಲ ವಾಂತಿಯಾಯಿತು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅವರಿಗೆ ಪ್ರೆಶರ್ ಏರುತ್ತದೆ.

ನಾಲ್ಕನೆಯ ದಿನ ಮಧ್ಯಾಹ್ನ ಮೈದಾನದಲ್ಲಿ ಮೇಷ್ಟ್ರು ಒಬ್ಬ ಬ್ಯಾಂಕಿನ ಹೆಂಗಸಿಗೆ ಎಂಟರ ಆಕಾರದಲ್ಲಿ ಗಾಡಿ ಓಡಿಸಲು ಕಲಿಸುತ್ತಿದ್ದಾಗ ಟೈಲರಮ್ಮನ ಫೋನ್ ಬಂತು.

"ಮೇಷ್ಟ್ರೇ, ಬೇಗ ಬನ್ನಿ. ನಿಮ್ಮ ಮನೆಯವರು ಹಿತ್ತಿಲ ಬಾಗಿಲಲ್ಲಿ ಕೂತಿದಾರೆ. ಏನೇನೋ ಮಾತಾಡ್ತಿದಾರೆ, ನನ್ನ ಗುರುತು ಸಿಕ್ತಿಲ್ಲ."

ಹೋದಾಗ ಆಕೆ ಮಣ್ಣಾದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಒರಗಿದ್ದರು. ಮೇಷ್ಟ್ರ ಮುಖ ನೋಡಿ, "ಅಣ್ಣಾ, ಮಕ್ಕಳಿಗೆ ಬೆಲ್ ಹೊಡೀತಾ?" ಎಂದು ಕೇಳಿದರು. ಆಕೆಯ ಅಣ್ಣ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮೇಷ್ಟ್ರು ಆಕೆಯನ್ನು ಎತ್ತಿ ಗಾಡಿಯ ಹಿಂದಿನ ಸೀಟಿಗೆ ಸೇರಿಸಿ, ಕೀಲಿಯನ್ನು ಜೊತೆಗೆ ಬಂದಿದ್ದ ಬ್ಯಾಂಕಿನ ಹೆಂಗಸಿಗೆ ಕೊಟ್ಟರು. ಆಸ್ಪತ್ರೆಯವರೆಗೂ ಅವಳೇ ಓಡಿಸಿದಳು, ಎರಡನೆಯ ಗೇರಿನಲ್ಲೇ. ಹಿಂದಿನ ಸೀಟಿನಲ್ಲಿ ಹೆಂಡತಿಯ ತಲೆ ತೊಡೆಯ ಮೇಲಿಟ್ಟುಕೊಂಡಿದ್ದ ಮೇಷ್ಟ್ರ ಪಾದ ಅಲ್ಲಿಲ್ಲದ ಬ್ರೇಕನ್ನು ಹುಡುಕುತ್ತಿತ್ತು.

ರಕ್ತ ಪರೀಕ್ಷೆಯ ಚೀಟಿ ಹಿಡಿದುಕೊಂಡು ಬಂದ ಡಾಕ್ಟರು ಮಗಳ ವಯಸ್ಸಿನವರು. "ಮೈಯಲ್ಲಿ ಉಪ್ಪಿನ ಅಂಶ ತುಂಬಾ ಕಡಿಮೆಯಾಗಿದೆ. ಬೆವರಲ್ಲಿ, ವಾಂತಿಯಲ್ಲಿ ಹೋಗಿದೆ, ಮೇಲೆ ಬರೀ ನೀರು ಕುಡಿದಿದಾರೆ. ಊಟದಲ್ಲಿ ಉಪ್ಪು ತಗೊಳ್ತಾರಾ?"

"ಇಲ್ಲ. ನನಗೋಸ್ಕರ ಬಿಟ್ಟಿದಾಳೆ," ಎಂದರು ಮೇಷ್ಟ್ರು.

"ನೀವೂ ಅದೇ ಊಟ ಮಾಡ್ತೀರಾ? ಮತ್ತೆ ನೀವು ಸರಿಯಾಗೇ ಇದೀರಲ್ಲ."

ಮೇಷ್ಟ್ರು ಗೋಡೆಯ ಮೇಲಿನ ಗಡಿಯಾರ ನೋಡಿದರು.

ಸಂಜೆಯ ಬಸ್ಸಿಗೆ ಮಗಳು ಬಂದಳು. ಬಂದವಳೇ ಕಣ್ಣೊರೆಸಿಕೊಂಡು, ಆಮೇಲೆ ತಾಯಿಯ ಮೇಲೆ ರೇಗಿದಳು. "ಎಲ್ಲದರಲ್ಲೂ ಅತಿ ಇವಳದು. ಡಾಕ್ಟ್ರು ಒಂದು ಚಮಚ ಅಂದ್ರೆ ಇವಳು ಸೊನ್ನೆ ಅಂತಾಳೆ. ಅಪ್ಪ, ನೀನಾದ್ರೂ ಸ್ವಲ್ಪ ಗದರ್ಬಾರದಾ? ಕೊಟ್ಟಿದ್ದನ್ನ ಬಾಯಿ ಮುಚ್ಕೊಂಡು ತಿಂತಿದ್ದೆ, ಪಾಪ." ಆ 'ಪಾಪ' ಎಂಬ ಮಾತನ್ನು ಮೇಷ್ಟ್ರು ನುಂಗಿಕೊಂಡರು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಟ್ಟೆಯ ಪಕ್ಕದಲ್ಲಿದ್ದ ಉಪ್ಪಿನ ಡಬ್ಬಿಯನ್ನು ಕಂಡು ಊಟ ಬಿಟ್ಟೆದ್ದರು.

ಎರಡು ದಿನ ಡ್ರಿಪ್ ಹಾಕಿ ಉಪ್ಪುನೀರನ್ನು ಹನಿಹನಿಯಾಗಿ ಇಳಿಸಿದ ಮೇಲೆ ಆಕೆಗೆ ಪೂರ್ತಿ ಪ್ರಜ್ಞೆ ಬಂತು. ಮಗಳು ಔಷಧಿ ತರಲು ಹೋಗಿದ್ದಾಗ ಆಕೆ ಮೆಲ್ಲಗೆ ಹೇಳಿದರು:

"ನಿಮಗೆ ಹೇಳಿದ್ರೆ ಬೇಜಾರಾಗ್ಬಾರದು. ಆ ಸಪ್ಪೆ ಊಟ ನನಗೆ ಒಂದು ದಿನವೂ ಸೇರ್ಲಿಲ್ಲ. ಎಷ್ಟೋ ಸಲ ಸ್ವಲ್ಪ ಉಪ್ಪು ಹಾಕ್ಕೋಣ ಅನ್ನಿಸ್ತಿತ್ತು. ನೀವು ಅಷ್ಟು ಇಷ್ಟಪಟ್ಟು ತಿನ್ನೋವಾಗ ನಾನು ಹೇಗೆ ಹಾಕ್ಕೊಳ್ಳಲಿ ಅಂತ ಸುಮ್ಮನಾದೆ."

ಮೇಷ್ಟ್ರು ಹೆಂಡತಿಯ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಕಪ್ಪು ಮಣ್ಣನ್ನು ನೋಡುತ್ತ ಕೂತರು. ನರ್ಸು ಬಂದಳು, ಮಗಳು ಬಂದಳು, ಹೇಳುವ ಗಳಿಗೆ ದಾಟಿಹೋಯಿತು. ಅದಕ್ಕೆ ಒಳಗೊಳಗೇ ಸಮಾಧಾನವಾದದ್ದು ತಿಳಿದು ಅವರಿಗೆ ತಮ್ಮ ಬಗ್ಗೆಯೇ ಹೇಸಿಗೆಯೆನಿಸಿತು.

ಹೆಂಡತಿ ಮನೆಗೆ ಬಂದ ಮೂರನೆಯ ದಿನ ಮಗಳು ತನ್ನೂರಿಗೆ ಹೋದಳು. ಅಂದು ಬೆಳಗ್ಗೆ ಮೇಷ್ಟ್ರು ಕೆಲಸಕ್ಕೆ ರಜೆ ಹಾಕಿ ಹಿತ್ತಲಿಗೆ ಹೋದರು. ಬೀನ್ಸ್ ಕಂಬದ ಹಿಂದಿನ ಡಬ್ಬಿ ತಂದು ಊಟದ ಮೇಜಿನ ಮೇಲಿಟ್ಟರು. ಹೆಂಡತಿ ಕಾಳು ಆರಿಸುತ್ತಿದ್ದರು.

"ಏನಿದು?"

"ಉಪ್ಪು. ಎರಡೂವರೆ ತಿಂಗಳಿಂದ ತಿಂತಿದೀನಿ. ಪುದೀನಾ ಕೀಳ್ತೀನಿ ಅಂತ ಹೋಗ್ತಿದ್ನಲ್ಲ, ಇದಕ್ಕೇ. ಪಾತಿ ಹಾಳಾಗಿದ್ದೂ ನಿನ್ನ ಗೊಬ್ಬರದಿಂದಲ್ಲ. ಮಳೆಗೆ ನನ್ನ ಪೊಟ್ಟಣ ಕರಗಿತು."

ಆಕೆ ಡಬ್ಬಿಯ ಮುಚ್ಚಳ ತೆಗೆದರು, ಒಳಗೆ ನೋಡಿದರು, ಮುಚ್ಚಿದರು. ಕಾಳು ಆರಿಸುವುದನ್ನು ಮುಂದುವರಿಸಿದರು. ಕಲ್ಲೊಂದು ಸಿಕ್ಕಿತು, ಪಕ್ಕಕ್ಕಿಟ್ಟರು.

"ಬಯ್ಯಿ," ಎಂದರು ಮೇಷ್ಟ್ರು.

"ಉಪ್ಪು ತಿಂದಿದ್ದಕ್ಕೆ ಯಾಕೆ ಬಯ್ಯಲಿ? ನಾಲಿಗೆ ಯಾರ ಮಾತು ಕೇಳುತ್ತೆ. ಕದ್ದು ತಿಂದ್ರಿ, ಅದೂ ಹೋಗಲಿ." ತಲೆ ಬಗ್ಗಿಸಿಕೊಂಡೇ ಮಾತಾಡುತ್ತಿದ್ದರು. "ಆದ್ರೆ ದಿನಾ ಎರಡು ಹೊತ್ತು ನನ್ನ ಮುಖ ನೋಡ್ಕೊಂಡು ಅಮೃತ ಅಂದ್ರಲ್ಲ. ನಾನು ಅಗೆಯೋವಾಗ ಮೂರು ದಿನವೂ ಅಲ್ಲೇ ನಿಂತು ಶೂ ಹಾಕ್ಕೊಂಡು ಹೋದ್ರಲ್ಲ. ನೀವು ನೋಡ್ತಾ ಇದ್ರಿ."

ನೋಡುತ್ತಿದ್ದದ್ದು ನಿಜ.

ಅಂದೇ ಅವರು ಮಗಳಿಗೂ ಫೋನ್ ಮಾಡಿ ಎಲ್ಲ ಹೇಳಿದರು. ತಾಯಿಯ ಮೇಲೆ ಬಿದ್ದ ಬೈಗುಳ ತಮ್ಮ ಮೇಲೆ ಬಂದರೆ ಸ್ವಲ್ಪ ಹಗುರಾಗಬಹುದು ಎಂಬ ಆಸೆ. ಮಗಳು ಕೇಳಿ ಬಿದ್ದುಬಿದ್ದು ನಕ್ಕಳು. "ಕುಂಡದ ಕೆಳಗಾ ಅಪ್ಪ?" ಎಂದು ಮತ್ತೆ ನಕ್ಕಳು. ವಾರದೊಳಗೆ ಟೈಲರಮ್ಮನಿಗೂ ಗೊತ್ತಾಗಿ, ಬೀದಿಗೂ ಗೊತ್ತಾಗಿ, ಎಲ್ಲರೂ ನಗುವವರೇ. ಹೆಂಡತಿ ಮಾತ್ರ ನಗಲಿಲ್ಲ. ಆದ್ದರಿಂದ ಮೇಷ್ಟ್ರೂ ನಗಲಿಲ್ಲ.

ಆಕೆ ಮುನಿಸಿಕೊಂಡು ಕೂರುವ ಪೈಕಿಯೂ ಅಲ್ಲ. ಅಡುಗೆ ಮಾಡಿದರು, ಜೊತೆಗೆ ಕೂತು ಉಂಡರು. ಈಗ ಒಲೆಯ ಪಕ್ಕ ಒಂದು ಪುಟ್ಟ ಬಟ್ಟಲಿನಲ್ಲಿ ಇಬ್ಬರ ದಿನದ ಉಪ್ಪು ಅಳೆದಿಟ್ಟಿರುತ್ತದೆ, ಡಾಕ್ಟರು ಹೇಳಿದಷ್ಟೇ. ಉಳಿದ ಪಾತಿಯನ್ನು ಮೇಷ್ಟ್ರು ಎರಡು ಭಾನುವಾರ ಅಗೆದು, ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಿದರು. ಬೆನ್ನು ಹಿಡಿದುಕೊಂಡಿತು. ಆ ನೋವು ಅವರಿಗೆ ಹಿತವಾಗಿತ್ತು ಎಂದರೂ ತಪ್ಪಲ್ಲ.

ಒಂದೂವರೆ ತಿಂಗಳ ನಂತರ ಮೇಷ್ಟ್ರು ಪ್ರೆಶರ್ ತೋರಿಸಲು ಹೊರಟಾಗ ಹೆಂಡತಿ ಸೀರೆ ಬದಲಾಯಿಸಿ ಬಂದು ನಿಂತರು.

"ನಾನೂ ಬರ್ತೀನಿ. ಅಲ್ಲಿ ನೀವೇನು ಹೇಳ್ತೀರೋ ನಾನು ಕೇಳ್ಬೇಕು."

ಅದು ನೋಯಿಸಿತು. ನೋಯಬೇಕಾದದ್ದೇ ಎಂದುಕೊಂಡು ಗಾಡಿಯ ಬಾಗಿಲು ತೆಗೆದರು.

ಡಾಕ್ಟರು ಪಟ್ಟಿ ಕಟ್ಟಿದರು. ನೂರ ನಲವತ್ತೆಂಟು. "ಪರವಾಗಿಲ್ಲ, ಇಳೀತಿದೆ. ಹೊರಗಡೆ ಏನಾದ್ರೂ ತಿಂತೀರಾ?"

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಕಿಟಕಿಯಾಚೆ ನೋಡುತ್ತಿದ್ದರು.

"ಮಂಗಳವಾರ ಮೈದಾನದ ಹತ್ರ ಒಂದು ಪೊಟ್ಟಣ ಖಾರದ ಕಡಲೆಕಾಯಿ ತಿಂದೆ. ಅರ್ಧ ಅಂದ್ಕೊಂಡು ಶುರು ಮಾಡ್ದೆ, ಪೂರ್ತಿ ಖಾಲಿ ಮಾಡ್ದೆ."

"ಬೇರೆ?"

"ಶನಿವಾರ ಉಪ್ಪಿನಕಾಯಿ. ಎರಡು ಹೋಳು. ಇಷ್ಟೇ."

ಡಾಕ್ಟರು ಬರೆದುಕೊಂಡರು. ಹೊರಗೆ ಮೆಟ್ಟಿಲಿಳಿಯುವಾಗ ಹೆಂಡತಿ ಕಂಬಿ ಹಿಡಿಯದೆ ಅವರ ತೋಳು ಹಿಡಿದರು. ಕೊನೆಯ ಮೆಟ್ಟಿಲಲ್ಲಿ ಕೇಳಿದರು:

"ಎರಡೇ ಹೋಳಾ?"

"ಮೂರು," ಎಂದರು ಮೇಷ್ಟ್ರು.