ಚೌತಿ ಚಂದ್ರನ ತಲೆಗೆ ಕಟ್ಟಿದ ತಪ್ಪು

ಉಮಾಮಹೇಶ್ವರನಿಗೆ ಇದ್ದದ್ದು ಒಂದೇ ಹುಚ್ಚು. ಇಸ್ಪೀಟಿಲ್ಲ, ಸಿಗರೇಟಿಲ್ಲ, ಕ್ರಿಕೆಟ್ಟಿನ ಗೋಜಿಲ್ಲ. ಕೊಚ್ಚಿಯ ಪಾಲಾರಿವಟ್ಟದ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಸಂಜೆ ತ್ರಿಪ್ಪುಣಿತ್ತುರದ ಬಾಡಿಗೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲು ತಲೆಯೆತ್ತಿ ಆಕಾಶ ನೋಡುತ್ತಿದ್ದ. ಮೋಡವಿದ್ದರೆ ಮುಖ ಗಂಟು. ಇಲ್ಲದಿದ್ದರೆ ಕಾಫಿ ಲೋಟ ಹಿಡಿದುಕೊಂಡೇ ತಾರಸಿಗೆ. ವರ್ಷದಲ್ಲಿ ಅರ್ಧ ಮಳೆಯೇ ಸುರಿಯುವ ಊರಿಗೆ ವರ್ಗವಾಗಿ ಬಂದ ನಂಜನಗೂಡಿನ ಮನುಷ್ಯ ನಕ್ಷತ್ರದ ಹವ್ಯಾಸ ಇಟ್ಟುಕೊಳ್ಳುವುದೆಂದರೆ ಏನು ಹೇಳಬೇಕು? "ಬೇಕು ಅಂತಲೇ ತಲೆನೋವು ತಂದ್ಕೊಳ್ಳೋದು" ಎನ್ನುತ್ತಿದ್ದಳು ಹೆಂಡತಿ ಕೌಸಲ್ಯಾ.

ಆದರೆ ಇಟ್ಟುಕೊಂಡದ್ದನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದ. ಒಂದು ದೂರದರ್ಶಕ, ಹಳೆಯ ಫಿಲ್ಮ್ ಕ್ಯಾಮೆರಾ, ಎರಡನ್ನೂ ಜೋಡಿಸುವ ಕಪ್ಪು ಕೊಳವೆ. ಕೊಚ್ಚಿಯ ತೇವಕ್ಕೆ ಗಾಜಿಗೂ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಕ್ಯಾಮೆರಾ, ಕೊಳವೆ ಎರಡನ್ನೂ ಸಿಲಿಕಾ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಡುತ್ತಿದ್ದ. ಕಣ್ಣಿಟ್ಟು ನೋಡುವ ಐಪೀಸುಗಳಿಗೆ ಬೇರೆಯೇ ಪೆಟ್ಟಿಗೆ, ಒಂದೊಂದಕ್ಕೂ ಸ್ಪಂಜಿನಲ್ಲಿ ಕೊರೆದ ಗುಂಡಿ. ಅವುಗಳಲ್ಲಿ ಒಂದು ಜಪಾನಿನದು, ಹೆಬ್ಬೆರಳಿಗಿಂತ ತುಸು ದಪ್ಪ. ಅದೆಂದರೆ ಅವನಿಗೆ ಪಂಚಪ್ರಾಣ.

ಊರಿನ ಕನ್ನಡಿಗರದು ಒಂದು ಸಣ್ಣ ಕೂಟವಿತ್ತು. ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಯವರು, ಕಂಪ್ಯೂಟರ್ ಕಂಪನಿಗಳ ಹುಡುಗ ಹುಡುಗಿಯರು. ಅಲ್ಲಿ ಉಮಾಮಹೇಶ್ವರನೆಂದರೆ 'ನಕ್ಷತ್ರ ಸಾರ್'. ಅವನು ತೆಗೆದ ಚಂದ್ರನ ಚಿತ್ರಗಳನ್ನು ಹಬ್ಬದ ದಿನ ಗೋಡೆಗೆ ತೂಗುಹಾಕುತ್ತಿದ್ದರು. ಹೊಗಳಿಕೆ ಸ್ವಲ್ಪ ತಲೆಗೇರಿತ್ತು, ಸುಳ್ಳೇಕೆ ಹೇಳಲಿ. ಗ್ರಹಣದ ಹೊತ್ತಿಗೆ ಊಟ ಬಿಡುವವರನ್ನು, ರಾಹುಕಾಲ ನೋಡಿ ಹೊರಡುವವರನ್ನು ಕಂಡರೆ ಅವನು ಸುಮ್ಮನಿರುತ್ತಿರಲಿಲ್ಲ. ನಾಲ್ಕು ಜನ ನಗುವ ಹಾಗೆ ಒಂದು ಮಾತು ಎಸೆಯಲೇಬೇಕು.

ಚಿತ್ರ ನೋಡಿ ಭೇಷ್ ಎಂದವರು ಬಹಳ ಮಂದಿ. ಸೊಳ್ಳೆ ಕಚ್ಚಿಸಿಕೊಂಡು ತಾರಸಿಯ ಮೇಲೆ ಜೊತೆಗೆ ನಿಂತವರು ಒಬ್ಬರೇ, ಜನಾರ್ದನರು. ಕಾಸರಗೋಡಿನ ಕಡೆಯವರು, ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕಚೇರಿಯಲ್ಲಿ ಕೆಲಸ, ನಿವೃತ್ತಿಗೆ ಹತ್ತಿರವಾದ ವಯಸ್ಸು. ತ್ರಿಪ್ಪುಣಿತ್ತುರದ ದೇವಸ್ಥಾನಕ್ಕೆ ಬಂದಾಗಲೆಲ್ಲ ಹಲಸಿನ ಹಪ್ಪಳದ ಕಟ್ಟು ಹಿಡಿದು ಇವರ ಮನೆಗೂ ಬರುತ್ತಿದ್ದರು. ಬಂದವರು ಟಾರ್ಚ್ ಹಿಡಿಯುತ್ತಿದ್ದರು, ಪೆಟ್ಟಿಗೆ ಹೊರುತ್ತಿದ್ದರು. ಅಷ್ಟೆಲ್ಲ ಮಾಡಿ, ತೋರಿಸಿದ್ದನ್ನು ಸಣ್ಣ ಮಗುವಿನಂತೆ ಬೆರಗಾಗಿ ನೋಡುತ್ತಿದ್ದರು.

ಎರಡು ಸಾವಿರದ ಐದನೇ ಇಸವಿಯ ಗಣೇಶ ಚೌತಿ. ಅಂದು ಸಂಜೆ ಪಶ್ಚಿಮದಲ್ಲಿ ಎಳೆ ಚಂದ್ರನ ಆಸುಪಾಸಿನಲ್ಲೇ ಶುಕ್ರ, ಗುರು ಎರಡೂ ಇದ್ದವು. ಅಂಥ ನೋಟ ಬಿಡಲಾದೀತೇ? ಕೂಟದ ಹಲವರನ್ನು ಉಮಾಮಹೇಶ್ವರ ಮನೆಗೆ ಕರೆದಿದ್ದ. ಎಲ್ಲರೂ ಒಬ್ಬೊಬ್ಬರಾಗಿ ನೋಡಿದರು. ಜನಾರ್ದನರು ಮಾತ್ರ ನೀರಿನ ಟ್ಯಾಂಕಿನ ಕಡೆ ಮುಖ ಮಾಡಿ ನಿಂತಿದ್ದರು.

"ನನಗೆ ಇವತ್ತು ಬೇಡ ಮಾರಾಯ್ರೆ. ಚೌತಿ ಚಂದ್ರನನ್ನು ನೋಡ್ಲಿಕ್ಕಿಲ್ಲ. ಸಣ್ಣಂದಿನಿಂದ ನೋಡಿದವನಲ್ಲ ನಾನು."

"ನೋಡಿದ್ರೆ ಏನಾಗುತ್ತೆ?"

"ಇಲ್ಲದ ಅಪವಾದ ಬರ್ತದೆ. ಕದ್ದ ಅಂತ ಹೆಸರು ಬರ್ತದೆ."

ಸುತ್ತ ಇದ್ದವರು ಮುಗುಳ್ನಕ್ಕರು. ಅಷ್ಟು ಸಾಕಾಯಿತು ನಮ್ಮ ನಕ್ಷತ್ರ ಸಾರಿಗೆ. "ಸ್ವಾಮಿ, ಅದು ನಾಲ್ಕು ಲಕ್ಷ ಕಿಲೋಮೀಟರ್ ದೂರದಲ್ಲಿರೋ ಬಂಡೆ. ಅದಕ್ಕೆ ನಿಮ್ಮ ಹೆಸರೇ ಗೊತ್ತಿಲ್ಲ. ಅಪವಾದ ಬಂದ್ರೆ ನನ್ನನ್ನ ಕೇಳಿ, ನಾನಿದೀನಿ" ಎಂದು ಅವರ ಭುಜ ಹಿಡಿದು ತಿರುಗಿಸಿಯೇಬಿಟ್ಟ. ನಾಲ್ಕು ಜನರ ಎದುರಿಗೆ ಸ್ನೇಹಿತನಿಗೆ ಇಲ್ಲವೆನ್ನಲು ಆ ಮನುಷ್ಯನಿಗೆ ಬಾಯಿ ಬರಲಿಲ್ಲ. ಬಗ್ಗಿ ಕಣ್ಣಿಟ್ಟರು. ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ.

"ಎಷ್ಟು ಚಂದ ಉಂಟಲ್ಲ" ಎಂದರು ಕೊನೆಗೆ. ಆ ಜಪಾನಿನ ಐಪೀಸನ್ನು ಈಚೆ ತೆಗೆದಾಗ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. "ಇಷ್ಟು ಸಣ್ಣದರೊಳಗೆ ಇಷ್ಟೆಲ್ಲ ಶಕ್ತಿಯಾ?" ಎಂದು ವಾಪಸು ಕೊಟ್ಟರು. ಆಮೇಲೆ ಗುರುಗ್ರಹದ ಚಿತ್ರಕ್ಕೆಂದು ಉಮಾಮಹೇಶ್ವರ ಕ್ಯಾಮೆರಾ ಜೋಡಿಸಿದ. ಎರಡು ಚಿತ್ರ ತೆಗೆಯುವುದರೊಳಗೆ ಹನಿ ಬಿತ್ತು. ಎಲ್ಲರೂ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಕೆಳಗೆ ಓಡಿದರು. ಐಪೀಸಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ತಂದವರು ಜನಾರ್ದನರು.

ಮೂರು ದಿನದ ಮೇಲೆ ಪೆಟ್ಟಿಗೆ ತೆರೆದರೆ ಜಪಾನಿನ ಐಪೀಸಿನ ಗುಂಡಿ ಖಾಲಿ.

ತಾರಸಿ ಹುಡುಕಿದ, ಮೆಟ್ಟಿಲು ಹುಡುಕಿದ, ಮಳೆನೀರಿನ ಕೊಳವೆಗೂ ಕೈ ಹಾಕಿದ. ಸಿಗಲಿಲ್ಲ. ಪೆಟ್ಟಿಗೆ ತಂದವರು ಯಾರು ಎಂಬ ಯೋಚನೆ ಆಗ ಬಂತು, ಬಂದದ್ದು ಹೋಗಲಿಲ್ಲ. ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ್ದು ನೆನಪಾಯಿತು. ಆ ಬೆರಗೇ ಈಗ ಆಸೆಯಂತೆ ಕಂಡಿತು. ಫೋನ್ ಮಾಡಿ, "ನಿಮ್ಮ ಚೀಲದಲ್ಲಿ ಏನಾದ್ರೂ ಸೇರ್ಕೊಂಡಿದ್ಯಾ ನೋಡಿ" ಎಂದ. ಅವರು ಪಾಪ, ಹುಡುಕಿ ನೋಡಿ ಇಲ್ಲವೆಂದರು. ಮತ್ತೊಮ್ಮೆ ಫೋನ್ ಮಾಡಿ, "ಸರಿಯಾಗಿ ನೋಡಿದ್ರಾ?" ಎಂದ. ನೋಡಿದೆ ಎಂದು ಅವರು ಫೋನ್ ಇಟ್ಟರು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ರಾಜ್ಯೋತ್ಸವಕ್ಕೆ ಕೂಟ ಪಾಲಾರಿವಟ್ಟದ ಒಂದು ಸಭಾಂಗಣದಲ್ಲಿ ಸೇರಿದಾಗ, ಕೂಟದ ಅಧ್ಯಕ್ಷರಾದ ರಾಮದಾಸರು, "ಹೊಸ ಚಿತ್ರ ಯಾಕಿಲ್ಲ ಸಾರ್?" ಎಂದು ಕೇಳಿದರು. ಜನಾರ್ದನರು ಹೆಂಡತಿ ಸುಬ್ಬಲಕ್ಷ್ಮಿಯವರ ಜೊತೆ ಎದುರಿಗೇ ಚಹಾ ಕುಡಿಯುತ್ತಿದ್ದರು. ಉಮಾಮಹೇಶ್ವರ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಚೌತಿ ದಿನದಿಂದ ನನ್ನ ಐಪೀಸು ಕಾಣಿಸ್ತಿಲ್ಲ. ಕೆಲವರಿಗೆ ಚಂದ್ರನ್ನ ನೋಡೋಕೆ ಹೆದರಿಕೆ. ಬೇರೆಯವರ ಸಾಮಾನು ಜೇಬಿಗೆ ಹಾಕ್ಕೊಳ್ಳೋಕೆ ಮಾತ್ರ ಹೆದರಿಕೆ ಇಲ್ಲ."

ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅಂದು ತಾರಸಿಯಲ್ಲಿದ್ದ ಅರ್ಧ ಜನ ಅಲ್ಲೇ ಇದ್ದರು. ಈ ಸಲ ಯಾರೂ ನಗಲಿಲ್ಲ. ಜನಾರ್ದನರು ಲೋಟ ಕೆಳಗಿಟ್ಟು ಹೆಂಡತಿಯನ್ನು ಕರೆದುಕೊಂಡು ಹೊರಟುಹೋದರು. ಆಮೇಲೆ ಅವರು ಕೂಟಕ್ಕೆ ಬರಲಿಲ್ಲ. ತಿರುವನಂತಪುರಕ್ಕೆ ವರ್ಗ ಬೇಡವೆಂದು ಎರಡು ವರ್ಷದಿಂದ ತಪ್ಪಿಸಿಕೊಂಡು ಬಂದಿದ್ದವರು, ತಾವಾಗಿಯೇ ಒಪ್ಪಿಕೊಂಡು ಹೋದರೆಂದು ಸುದ್ದಿ ಬಂತು.

ಜನವರಿಯಲ್ಲಿ ಆಕಾಶ ತಿಳಿಯಾಯಿತು. ಉಮಾಮಹೇಶ್ವರ ಬೀರುವಿನಿಂದ ಡಬ್ಬಿ ತೆಗೆದು ಕಪ್ಪು ಕೊಳವೆಯನ್ನು ಕೈಗೆತ್ತಿಕೊಂಡರೆ ತೂಕ ಹೆಚ್ಚೆನಿಸಿತು. ತಿರುಪಿ ಬಿಚ್ಚಿದ. ಒಳಗೆ ಐಪೀಸು ಕುಳಿತಿತ್ತು. ಗ್ರಹದ ಚಿತ್ರ ದೊಡ್ಡದಾಗಿ ಬೀಳಬೇಕಾದರೆ ಐಪೀಸನ್ನು ಕೊಳವೆಯ ಒಳಗೇ ಸೇರಿಸಬೇಕು. ಚೌತಿಯ ಸಂಜೆ ಗುರುವಿನ ಚಿತ್ರಕ್ಕೆಂದು ಸೇರಿಸಿದವನು ಅವನೇ, ಮಳೆಯ ಗಡಿಬಿಡಿಯಲ್ಲಿ ಹಾಗೆಯೇ ಡಬ್ಬಿಗೆ ತುರುಕಿದವನೂ ಅವನೇ.

ಅವನಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಸಿಕ್ತಲ್ಲ" ಎಂದಳು ಬಾಗಿಲಲ್ಲಿ ನಿಂತಿದ್ದ ಕೌಸಲ್ಯಾ. "ಮೊದಲು ಜನಾರ್ದನರಿಗೆ ಫೋನ್ ಮಾಡಿ."

ಮಾಡುತ್ತೇನೆಂದ. ಮಾಡಲಿಲ್ಲ. ನಂಬರ್ ಒತ್ತುವುದು, ಆ ಕಡೆ ರಿಂಗ್ ಆಗುತ್ತಲೇ ಇಟ್ಟುಬಿಡುವುದು. ನಾಳೆ, ನಾಡಿದ್ದು, ಮುಂದಿನ ವಾರ. ಐಪೀಸನ್ನು ಅದರ ಗುಂಡಿಯಲ್ಲಿಟ್ಟವನು ಮತ್ತೆ ಆ ಪೆಟ್ಟಿಗೆ ಮುಟ್ಟಲಿಲ್ಲ. ಯುಗಾದಿಗೆ ಕೂಟ ಸೇರಿದಾಗ ರಾಮದಾಸರು, "ಆ ನಿಮ್ಮ ಐಪೀಸು ಸಿಗಲೇ ಇಲ್ಲವೇ?" ಎಂದು ವಿಚಾರಿಸಿದರು. ಉಮಾಮಹೇಶ್ವರನ ಬಾಯಿಂದ ತಾನಾಗಿ "ಇಲ್ಲ" ಎಂದು ಹೊರಟಿತು. ಎಂಥ ನಾಚಿಕೆಗೇಡು ನೋಡಿ. ಮೊದಲ ಸಲ ತಿಳಿಯದೆ ಆಡಿದ್ದ, ಈ ಸಲ ತಿಳಿದೇ ಆಡಿದ.

ಪಕ್ಕದಲ್ಲಿದ್ದ ಕೌಸಲ್ಯಾ ಅದನ್ನು ಕೇಳಿಸಿಕೊಂಡಳು. ಮಾರನೆಯ ಬೆಳಗ್ಗೆ ಅವನ ಶರ್ಟು, ಟವೆಲು ಚೀಲಕ್ಕೆ ತುಂಬಿ ತಂದಿಟ್ಟಳು. "ತಿರುವನಂತಪುರಕ್ಕೆ ವಂಚಿನಾಡ್ ರೈಲಿದೆ. ಹೋಗ್ತೀರೋ, ನಾನೇ ಹೋಗಿ ಹೇಳ್ಲೋ?"

ರೈಲಿನಲ್ಲಿ ದಾರಿಯುದ್ದಕ್ಕೂ ಅವನು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ. ಅವರು ಬೈಯಲಿ, ಬಾಗಿಲಲ್ಲೇ ನಿಲ್ಲಿಸಲಿ, ಎಲ್ಲಕ್ಕೂ ಸಿದ್ಧನಾಗಿದ್ದ. ತಿರುವನಂತಪುರದ ಕರಮನ ಬಡಾವಣೆಯ ಸಣ್ಣ ಮನೆಯ ಬಾಗಿಲು ತೆರೆದಾಗ ಜನಾರ್ದನರ ಮುಖ ಅರಳಿತು.

"ಓ, ನೀವಾ? ಬನ್ನಿ, ಬನ್ನಿ. ಸುಬ್ಬಲಕ್ಷ್ಮಿ, ಯಾರು ಬಂದಿದ್ದಾರೆ ನೋಡು. ಅಕ್ಕಿ ಸ್ವಲ್ಪ ಜಾಸ್ತಿ ಹಾಕು."

ಕುಳಿತುಕೊಳ್ಳುವ ಮೊದಲೇ ಉಮಾಮಹೇಶ್ವರ ಎಲ್ಲವನ್ನೂ ಒದರಿಬಿಟ್ಟ. ಐಪೀಸು ಸಿಕ್ಕಿದ್ದು, ಅದು ತನ್ನ ಕೊಳವೆಯಲ್ಲೇ ಇದ್ದದ್ದು, ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದದ್ದು, ಯುಗಾದಿಯಂದು ಮತ್ತೆ ಸುಳ್ಳು ಹೇಳಿದ್ದು. ಮುಂದಿನ ಸಲ ಕೂಟದಲ್ಲಿ ಎಲ್ಲರ ಎದುರು ಎದ್ದು ನಿಂತು ಹೇಳುತ್ತೇನೆಂದ. ಜನಾರ್ದನರು ಸಮಾಧಾನದಿಂದ ಕೇಳಿದರು.

"ಸಿಕ್ಕಿತಲ್ಲ, ಒಳ್ಳೆಯದಾಯ್ತು" ಎಂದರು. "ಅದಕ್ಕೆ ನೀವು ಇಷ್ಟು ಬೇಜಾರು ಮಾಡ್ಕೊಳ್ಳುವುದು ಎಂತಕ್ಕೆ? ನಾನು ಅವತ್ತೇ ಇವಳಿಗೆ ಹೇಳಿದ್ದೆ, ಇದು ಉಮಾಮಹೇಶ್ವರರ ಮಾತಲ್ಲ, ಚೌತಿ ಚಂದ್ರ ಆಡಿಸಿದ್ದು ಅಂತ. ನೋಡಬಾರದ್ದನ್ನು ನೋಡಿದ್ದು ನಾನು. ಅಪವಾದ ಬರಲೇಬೇಕಿತ್ತು. ಅದು ನಿಮ್ಮ ಬಾಯಿಂದ ಬಂತು, ಅಷ್ಟೆ. ನೀವು ಎಂತ ಮಾಡ್ಲಿಕ್ಕೆ ಆಗ್ತದೆ?"

"ಹೌದು," ಎಂದರು ಸುಬ್ಬಲಕ್ಷ್ಮಿ ಒಳಗಿನಿಂದ. "ಇವರು ನಿಮ್ಮ ಬಗ್ಗೆ ಒಂದು ಮಾತು ಆಡಿದವರಲ್ಲ."

ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಹೌದು, ಚಂದ್ರನೇ ಆಡಿಸಿದ್ದು ಎಂದುಬಿಟ್ಟಿದ್ದರೆ ಊಟ ಮಾಡಿ, ಹಪ್ಪಳ ಕಟ್ಟಿಸಿಕೊಂಡು ಹಗುರಾಗಿ ವಾಪಸಾಗಬಹುದಿತ್ತು. ಒಂದು ಕ್ಷಣ ಅವನಿಗೆ ಹಾಗೆಯೇ ಮಾಡಬೇಕೆನ್ನಿಸಿತು, ಬಹಳ ಅನ್ನಿಸಿತು. ಆದರೆ ಯುಗಾದಿಯಂದು ಹೇಳಿದ "ಇಲ್ಲ" ಒಂದೇ ಸಾಕಾಗಿತ್ತು, ಇನ್ನೊಂದು ಸುಳ್ಳು ಬೇಕಿರಲಿಲ್ಲ.

"ಚಂದ್ರ ಅಲ್ಲ ಜನಾರ್ದನರೇ. ಚಂದ್ರನಿಂದ ಏನೂ ಆಗೋದಿಲ್ಲ. ಆ ಮಾತು ಆಡಿದ್ದು ನಾನೇ. ಯಾರೂ ಆಡಿಸಿದ್ದಲ್ಲ."

ಜನಾರ್ದನರು ಅವನ ಮುಖವನ್ನೇ ನೋಡಿದರು. ಐದು ತಿಂಗಳಿಂದ ಅವರು ಮನಸ್ಸಿಗೆ ಹೇಳಿಕೊಂಡು ಬಂದ ಸಮಾಧಾನವನ್ನು ತಾನು ಕಿತ್ತುಕೊಂಡೆ ಎಂದು ಉಮಾಮಹೇಶ್ವರನಿಗೆ ಆಗ ಹೊಳೆಯಿತು. ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು.

"ಹಾಗಾದ್ರೆ," ಎಂದು ಅವರು ಸಣ್ಣ ದನಿಯಲ್ಲಿ ಕೇಳಿದರು, "ನಾನೇ ತೆಗೆದದ್ದು ಅಂತ ನೀವು ನಿಜಕ್ಕೂ ಎಣಿಸಿದ್ರಾ?"

"ಹೌದು" ಎಂದ.

ಸುಬ್ಬಲಕ್ಷ್ಮಿ ಬಂದು, ಎಲೆ ಹಾಕಿದ್ದೇನೆ, ಇಬ್ಬರೂ ಊಟಕ್ಕೆ ಏಳಿ ಎಂದರು. ಜನಾರ್ದನರು ಏಳಲಿಲ್ಲ.