ವಾಲಿಬಾಲ್ ಕೋರ್ಟಿಗೆ ಚಾವಣಿ ಹಾಕಿಸಿದವನು ನಾನೇ

ನಮ್ಮೂರಿನ ವಾಲಿಬಾಲ್ ಕೋರ್ಟನ್ನು ಕೊಂದವನು ನಾನೇ. ಅದೂ ಭಾಷಣ ಮಾಡಿ. (ಚಪ್ಪಾಳೆಯೂ ಬಿತ್ತು.)

ಶಿಗ್ಗಾಂವಿಯಿಂದ ದುಂಡಸಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಆ ಕೋರ್ಟ್ ಕಾಣುತ್ತಿತ್ತು. ಎರಡು ಕಂಬ, ಒಂದು ಹರಿದ ನೆಟ್. ಗೆರೆಯೊಳಗೆ ಕಾಲಿಟ್ಟ ಮೇಲೆ ಯಾರೂ ಯಾರಿಗೂ 'ರೀ' ಹಚ್ಚುವಂತಿಲ್ಲ, ಅದೇ ಪದ್ಧತಿ. ಗೌಡರ ಮಗ ಶಿವನಗೌಡ ಬಾಲ್ ಬಿಟ್ಟರೆ, ಅವರದೇ ಹೊಲದಲ್ಲಿ ಕೂಲಿ ಮಾಡುವ ಫಕ್ಕೀರಪ್ಪ ಒದರುತ್ತಿದ್ದ: "ಲೇ ಶಿವ್ಯಾ, ಕಣ್ಣು ಮನ್ಯಾಗ ಇಟ್ಟು ಬಂದೀಯೇನಲೇ?"

ಸೋತವರು ಗಿರ್ಮಿಟ್ ಕೊಡಿಸಬೇಕು. ಎಲ್ಲರೂ ಒಂದೇ ಪೇಪರಿಗೆ ಕೈ ಹಾಕಿ ತಿನ್ನಬೇಕು. (ನಾನಿದ್ದ ಟೀಮು ತಿಂದದ್ದಕ್ಕಿಂತ ಕೊಡಿಸಿದ್ದೇ ಹೆಚ್ಚು.)

ಹೋದ ವಾರ ಊರ ಕಮಿಟಿ ಸಭೆ ಕರೆಯಿತು. ಆ ಜಾಗದಲ್ಲಿ ಮದುವೆ ಹಾಲ್ ಕಟ್ಟುವ ಮಾತು. ಅರ್ಧ ಜನ ಬೇಡ ಅನ್ನುತ್ತಿದ್ದರು. ನಾನು ಸುಮ್ಮನೆ ಕುಳಿತಿದ್ದರೆ ಕೋರ್ಟ್ ಉಳಿಯುತ್ತಿತ್ತೇನೋ. ಆದರೆ ಕೋರ್ಟ್ ಉಳಿಸಲೆಂದು ಮೊಬೈಲಿನಲ್ಲಿ ಓದಿಕೊಂಡು ಹೋಗಿದ್ದೆನಲ್ಲ, ಎದ್ದು ನಿಂತೆ.

"ನಾಕ್ನೂರು ವರ್ಷದ ಹಿಂದ ಯುರೋಪಿನ್ಯಾಗ ಚೆಂಡಾಟದ ಕೋರ್ಟ್ ಅಂದ್ರ ಊರಿನ ಜೀವ ಇದ್ದಂಗ ಇತ್ರೀ. ಪ್ಯಾರಿಸ್‌ನ್ಯಾಗ ಓಣಿಗೊಂದು! ರಾಜಾನೂ ಆಡ್ತಿದ್ದ, ವ್ಯಾಪಾರಸ್ಥರೂ ಆಡ್ತಿದ್ರು. ಬಾಜಿ ಕಟ್ಟಾಕ, ಸುದ್ದಿ ಹೇಳಾಕ ಮಂದಿ ಅಲ್ಲೇ ಸೇರ್ತಿದ್ರು."

ಸಭೆ ಬಾಯಿ ತೆರೆದು ಕೇಳುತ್ತಿತ್ತು. ಅಲ್ಲಿಗೇ ನಿಲ್ಲಿಸಬಾರದಿತ್ತೇ? ಶಾಣ್ಯಾತನ ಬಿಡಬೇಕಲ್ಲ!

"ಸುತ್ತ ಗ್ವಾಡಿ, ಮ್ಯಾಲ ಚಾವಣಿ ಇರ್ತಿತ್ರೀ. ಮುಂದ ಆಟ ಕಡಿಮಿ ಆತು. ಆಗ ಅದ ಕೋರ್ಟಿನ್ಯಾಗ ನಾಟಕ ಆಡಾಕ ಚಾಲೂ ಮಾಡಿದ್ರು."

ಕಮಿಟಿಯ ಹಿರಿಯರಾದ ರುದ್ರಪ್ಪಜ್ಜ ತೊಡೆ ತಟ್ಟಿದರು. "ಕೇಳಿದ್ರೇನ್ರಿ? ಪ್ಯಾರಿಸ್‌ನವ್ರೂ ಕೋರ್ಟಿನ್ಯಾಗ ಹಾಲ್ ಮಾಡ್ಯಾರ! ನಾವ್ಯಾಕ ಹಿಂದ ಬೀಳೂಣು? ಶಾಣ್ಯಾ ಅದೀ ತಮ್ಮಾ!"

ಬೇಡ ಅಂದವರೂ ಕೈ ಎತ್ತಿದರು. ಫಕ್ಕೀರಪ್ಪ ಹಿಂದಿನಿಂದ ನನ್ನ ಅಂಗಿ ಜಗ್ಗಿದ. "ನಿನಗ ಸರ್ವಿಸ್ ಮಾಡಾಕ ಬರಂಗಿಲ್ಲ, ಗೊತ್ತಿತ್ತು. ಬಾಯಿ ಮುಚ್ಚಾಕೂ ಬರಂಗಿಲ್ಲೇನಲೇ?"

ಮರುದಿನವೇ ಕಂಬ ಕಿತ್ತರು. ಹಾಲ್ ಬರುತ್ತದೆ, ಮದುವೆಗಳೂ ಆಗುತ್ತವೆ. ಮೊದಲ ಪಂಕ್ತಿಯಲ್ಲಿ ಯಾರು ಕೂರುತ್ತಾರೆ, ಕೊನೆಗೆ ಯಾರು ಉಣ್ಣುತ್ತಾರೆ? ನಿಮಗೂ ಗೊತ್ತು, ನನಗೂ ಗೊತ್ತು. ಬಾಲಿಗೆ ಗೊತ್ತಿರಲಿಲ್ಲ.

ನಿನ್ನೆ ನಾನು, ಫಕ್ಕೀರಪ್ಪ ಬಸ್ಸಿಗೆ ಕಾಯುತ್ತಿದ್ದೆವು. ಶಿವನಗೌಡ ಬಂದ. ಕೋರ್ಟಿನ ರೂಢಿಯಲ್ಲೇ ಬೈಗುಳ ಬರುತ್ತದೆಂದು ನಾನು ನಗಲು ಸಿದ್ಧನಾದೆ. ಫಕ್ಕೀರಪ್ಪ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡ.

"ಆರಾಮ್ರೀ ಗೌಡ್ರ?"

ಶಿವನಗೌಡ ಒಂದು ಕ್ಷಣ ನೆಲ ನೋಡಿದ. ಆಮೇಲೆ, "ಹೂಂ" ಅಂದ.

ಇನ್ನು ಇವರಿಬ್ಬರೂ ಎಲ್ಲಿ ನಿಂತು ಜಗಳಾಡಬೇಕು, ಹೇಳಿ?